ವ್ಯಕ್ತಿಯ ಗುರುತು, ಗುಂಪಿನ ಗುರುತು: ಪದೇ ಪದೇ ಕೇಳುವ ಪ್ರಶ್ನೆಗಳು

ಅಪರಿಚಿತರಿಬ್ಬರು ಬಸ್ಸಿನಲ್ಲಿ ಪಕ್ಕಪಕ್ಕ ಕುಳಿತರೆ ನಮ್ಮಲ್ಲಿ ಮಾತು ಸಾಮಾನ್ಯವಾಗಿ ‘ಯಾವೂರಾಯ್ತು?’ ಎಂಬಲ್ಲಿಂದ ಹೊರಟು, ‘ಯಾರ ಮನೆಯವರು?’ ಎಂಬುದನ್ನು ಹಾದು, ಸ್ವಲ್ಪ ಸಲುಗೆ ಬೆಳೆದ ಮೇಲೆ ‘ನೀವು ಯಾವ ಪೈಕಿ?’ ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಈ ಪುಟದ ಪ್ರಶ್ನೆಗಳೆಲ್ಲವೂ ಒಂದಲ್ಲ ಒಂದು ರೀತಿಯಲ್ಲಿ ಆ ಮೂರನೆಯ ಪ್ರಶ್ನೆಯ ಸುತ್ತಲೇ ಇವೆ. ಸಮಾಜಶಾಸ್ತ್ರದ ವಿದ್ಯಾರ್ಥಿಗಳನ್ನೂ ಆ ಶಾಸ್ತ್ರವನ್ನು ಓದದೆಯೂ ಈ ವಿಷಯದಲ್ಲಿ ತಲೆ ಕೆಡಿಸಿಕೊಂಡವರನ್ನೂ ಮನಸ್ಸಿನಲ್ಲಿಟ್ಟುಕೊಂಡು ಉತ್ತರಗಳನ್ನು ಬರೆಯಲಾಗಿದೆ. ಉದಾಹರಣೆಗಳು ಹೆಚ್ಚಾಗಿ ಕರ್ನಾಟಕದವು.

ಗುರುತು, ಅಸ್ಮಿತೆ, ಅನನ್ಯತೆ, ಐಡೆಂಟಿಟಿ: ಇವೆಲ್ಲ ಒಂದೇ ಅರ್ಥದ ಪದಗಳೇ?

ಅಲ್ಲ. ‘ಗುರುತು’ ಎಂಬುದು ಮೂಲತಃ ನೋಡುವವರ ಕಡೆಯ ಪದ. ಗುರುತು ಹಿಡಿಯುವವರು ಬೇರೆಯವರು, ಗುರುತು ಸಿಗುವುದು ಬೇರೆಯವರಿಗೆ, ಗುರುತಿನ ಚೀಟಿ ಕೇಳುವವರೂ ಬೇರೆಯವರೇ. ‘ಅಸ್ಮಿತೆ’ ಒಳಗಿನಿಂದ ಹೊರಡುವ ಪದ. ‘ನಾನಿದ್ದೇನೆ’ ಎಂಬ ಭಾವ ಅದರಲ್ಲಿದೆ. ಪತಂಜಲಿಯ ಯೋಗಸೂತ್ರಗಳಲ್ಲಿ ಅವಿದ್ಯೆ, ಅಸ್ಮಿತೆ, ರಾಗ, ದ್ವೇಷ, ಅಭಿನಿವೇಶ ಎಂಬ ಐದು ಕ್ಲೇಶಗಳ ಸಾಲಿನಲ್ಲಿ ಅದು ಎರಡನೆಯದು. ಅಸ್ಮಿತೆಯನ್ನು ಉಳಿಸಿಕೊಳ್ಳಿ ಎಂದು ಇಂದು ವೇದಿಕೆಗಳ ಮೇಲಿಂದ ಕರೆ ಕೊಡುವವರು ಕಳೆದುಕೊಳ್ಳಬೇಕಾದ ಪಟ್ಟಿಯಿಂದಲೇ ಪದವನ್ನು ಎತ್ತಿಕೊಂಡಿದ್ದಾರೆ. ‘ಅನನ್ಯತೆ’ ಎಂದರೆ ಬೇರೊಂದರಂತಿಲ್ಲದಿರುವುದು, ಆದರೆ ಗುಂಪಿನ ಗುರುತಿನಲ್ಲಿ ಮುಖ್ಯವಾದದ್ದು ಉಳಿದವರಂತೆಯೇ ಇರುವುದು.

ಸಮಾಜಶಾಸ್ತ್ರಜ್ಞರೂ ಈ ಗೊಂದಲದಿಂದ ಹೊರಗಿಲ್ಲ. ಒಂದೇ ಪದಕ್ಕೆ ಇಷ್ಟೊಂದು ಅರ್ಥ ಹೊರಿಸಿದರೆ ಅದು ಯಾವ ಕೆಲಸಕ್ಕೂ ಬಾರದಂತಾಗುತ್ತದೆ, ಆದ್ದರಿಂದ ಅದನ್ನು ಬಿಟ್ಟೇಬಿಡೋಣ ಎಂದು ರಾಜರ್ಸ್ ಬ್ರೂಬೇಕರ್ ಮತ್ತು ಫ್ರೆಡರಿಕ್ ಕೂಪರ್ 2000ನೇ ಇಸವಿಯಲ್ಲಿ ವಾದಿಸಿದರು. ಅವರ ಮಾತನ್ನು ಬಹಳ ಮಂದಿ ಉಲ್ಲೇಖಿಸಿದರು, ಕೆಲವರಷ್ಟೇ ಪಾಲಿಸಿದರು. ಈ ಪುಟದಲ್ಲಿ ‘ಗುರುತು’ ಎಂಬ ಪದವನ್ನೇ ಬಳಸಿದ್ದೇವೆ. ಕೇಳುವವರು ಒಬ್ಬರು, ಹೇಳುವವರು ಇನ್ನೊಬ್ಬರು ಎಂಬ ಸಂಗತಿ ಆ ಪದದ ಒಡಲಿನಲ್ಲೇ ಇದೆ. ನಮಗೆ ಮುಖ್ಯವಾದದ್ದೂ ಅದೇ.

ನಾನು ಯಾರೆಂಬುದು ನನಗೆ ಹುಟ್ಟಿನಿಂದಲೇ ಗೊತ್ತಿರುತ್ತದಲ್ಲವೇ? ಅದರಲ್ಲಿ ಸಮಾಜಕ್ಕೇನು ಕೆಲಸ?

ಹುಟ್ಟಿದ ಕೂಸಿಗೆ ತಾನು ಯಾರೆಂಬುದು ಗೊತ್ತಿರುವುದಿಲ್ಲ. ಅಮೆರಿಕದ ಸಮಾಜಶಾಸ್ತ್ರಜ್ಞ ಚಾರ್ಲ್ಸ್ ಕೂಲಿ 1902ರಲ್ಲಿ ಇದಕ್ಕೆ ಕನ್ನಡಿಯ ಹೋಲಿಕೆ ಕೊಟ್ಟರು: ಬೇರೆಯವರ ಕಣ್ಣಿಗೆ ನಾನು ಹೇಗೆ ಕಾಣುತ್ತೇನೆಂದು ಊಹಿಸಿ, ಅವರು ಅದನ್ನು ಮೆಚ್ಚುತ್ತಾರೋ ಇಲ್ಲವೋ ಎಂದು ಊಹಿಸಿ, ಆ ಊಹೆಯಿಂದ ಹಿಗ್ಗುತ್ತಲೋ ಕುಗ್ಗುತ್ತಲೋ ನಾನು ‘ನಾನು’ ಆಗುತ್ತೇನೆ. ಷಿಕಾಗೊದಲ್ಲಿ ಪಾಠ ಹೇಳುತ್ತಿದ್ದ ಜಾರ್ಜ್ ಹರ್ಬರ್ಟ್ ಮೀಡ್ ಇದನ್ನು ಮಕ್ಕಳ ಆಟದಿಂದ ವಿವರಿಸಿದರು. ಮೊದಮೊದಲು ಮಗು ಅಮ್ಮನಾಗಿ, ಮೇಷ್ಟರಾಗಿ, ಪೊಲೀಸನಾಗಿ ಒಂದೊಂದೇ ಪಾತ್ರವನ್ನು ಆಡುತ್ತದೆ. ಮುಂದೆ ನಿಯಮಗಳಿರುವ ಆಟಕ್ಕೆ ಇಳಿದಾಗ ಎಲ್ಲರ ಪಾತ್ರವನ್ನೂ ಒಟ್ಟಿಗೆ ತಲೆಯಲ್ಲಿಟ್ಟುಕೊಳ್ಳಬೇಕಾಗುತ್ತದೆ. ಹೀಗೆ ಒಳಗೆ ಬಂದು ಕುಳಿತ ಎಲ್ಲರ ಒಟ್ಟು ನೋಟವೇ ಸಮಾಜ.

ಸರ್ವೋಚ್ಚ ನ್ಯಾಯಾಲಯವು 2012ರಲ್ಲಿ ಗುಜರಾತಿನ ಪ್ರಕರಣವೊಂದರಲ್ಲಿ ಮೀಡ್ ಅವರ ಹೆಸರೆತ್ತದೆಯೇ ಹೆಚ್ಚುಕಡಿಮೆ ಇದೇ ದಾರಿಯಲ್ಲಿ ನಡೆಯಿತು. ತಾಯಿ ಪರಿಶಿಷ್ಟ ಪಂಗಡದವರು, ತಂದೆ ಮುಂದುವರಿದ ಜಾತಿಯವರು. ಹಾಗಿದ್ದರೆ ಮಗ ಯಾರು? ಮಗು ತಂದೆಯ ಜಾತಿಗೆ ಸೇರುತ್ತದೆ ಎಂಬುದು ಒಂದು ಊಹೆ ಮಾತ್ರ, ಅದು ಕೊನೆಯ ಮಾತಲ್ಲ ಎಂದು ನ್ಯಾಯಾಲಯ ಹೇಳಿತು. ಮಗು ಯಾರ ನಡುವೆ ಬೆಳೆಯಿತು, ತಾಯಿಯ ಸಮುದಾಯದವರು ಅನುಭವಿಸುವ ಅವಮಾನ ಮತ್ತು ಕೊರತೆಗಳನ್ನು ಅದೂ ಅನುಭವಿಸಿತೇ, ಸುತ್ತಲಿನವರು ಅದನ್ನು ಯಾರೆಂದು ನಡೆಸಿಕೊಂಡರು ಎಂಬುದಕ್ಕೆ ಸಾಕ್ಷ್ಯ ಒದಗಿಸುವ ಅವಕಾಶ ಇರಬೇಕು ಎಂಬುದು ತೀರ್ಪಿನ ತಿರುಳು. ರಕ್ತವೊಂದನ್ನೇ ನೋಡದೆ ಬಾಳಿದ ಬಾಳನ್ನೂ ನೋಡಬೇಕೆಂಬ ಈ ನಿಲುವು ಸಮಾಜಶಾಸ್ತ್ರದ ನಿಲುವೇ ಆಗಿದೆ.

ಹೆಸರು ವೈಯಕ್ತಿಕವೇ, ಗುಂಪಿನದೇ?

ಎರಡೂ ಹೌದು; ಎಷ್ಟೆಷ್ಟು ಪಾಲು ಎಂಬುದು ಊರಿನಿಂದ ಊರಿಗೆ ಬೇರೆ. ಹಳೆಯ ಮೈಸೂರಿನ ಕಡೆ ಹೆಸರಿಗೆ ಮೊದಲು ಊರಿನ ಮತ್ತು ತಂದೆಯ ಮೊದಲಕ್ಷರಗಳು ನಿಲ್ಲುತ್ತವೆ. ಉತ್ತರ ಕರ್ನಾಟಕದಲ್ಲಿ ಮನೆತನದ ಅಡ್ಡಹೆಸರು ಕೊನೆಗೆ ಬರುತ್ತದೆ. ಕಸುಬು, ಊರು, ಕೆಲವೊಮ್ಮೆ ಮೆಣಸಿನಕಾಯಿ, ಉಳ್ಳಾಗಡ್ಡಿಯಂಥ ಫಸಲೂ ಅಡ್ಡಹೆಸರಾಗಿರುವುದುಂಟು. ಕೊಡವರಲ್ಲಿ ಒಕ್ಕದ, ಅಂದರೆ ಮನೆತನದ, ಹೆಸರೇ ಮೊದಲು, ವ್ಯಕ್ತಿಯ ಹೆಸರು ಆಮೇಲೆ: ಕೊಡಂದೇರ ಕಾರ್ಯಪ್ಪ ಎಂದಾಗ ಮನೆ ಮುಂದೆ ನಡೆದು ಮನುಷ್ಯ ಹಿಂದೆ ಬರುತ್ತಾನೆ. ತುಳುನಾಡಿನ ಅಳಿಯಸಂತಾನದ ಸಮುದಾಯಗಳಲ್ಲಿ ‘ಬರಿ’ ಎಂಬ ಕುಲದ ಹೆಸರು ತಾಯಿಯಿಂದ ಬರುತ್ತದೆ. ಒಂದೇ ಬರಿಯವರು ಪರಸ್ಪರ ಮದುವೆಯಾಗುವಂತಿಲ್ಲ, ಆದರೆ ಸರ್ಕಾರಿ ದಾಖಲೆಯಲ್ಲಿ ಅದರ ಸುಳಿವೂ ಇರುವುದಿಲ್ಲ.

ಪಾಸ್‌ಪೋರ್ಟಿನ ಅರ್ಜಿಯಲ್ಲಿ ‘ಉಪನಾಮ’ ಎಂಬ ಖಾನೆ ಎದುರಾದಾಗ ಹಾಸನದವರೂ ಮಂಡ್ಯದವರೂ ತಬ್ಬಿಬ್ಬಾಗುವುದು ಇದೇ ಕಾರಣಕ್ಕೆ. ಅವರ ಹೆಸರಿನ ರಚನೆಯಲ್ಲಿ ಇಲ್ಲದ ಅಂಗವೊಂದನ್ನು ಆ ಖಾನೆ ಕೇಳುತ್ತದೆ. ಕೊನೆಗೆ ತಂದೆಯ ಹೆಸರನ್ನೋ ಊರಿನ ಹೆಸರನ್ನೋ ಅಲ್ಲಿ ಬರೆದು, ವಿದೇಶದಲ್ಲಿ ಬಾಳಿನುದ್ದಕ್ಕೂ ತಮ್ಮ ಹಳ್ಳಿಯ ಹೆಸರಿನಿಂದಲೇ ಕರೆಸಿಕೊಳ್ಳುವವರಿದ್ದಾರೆ.

ಜನ ತಮ್ಮ ಗುಂಪಿನ ಕಡೆಗೇ ವಾಲುವುದೇಕೆ? ಹಳೆಯ ದ್ವೇಷವೇ ಕಾರಣವೇ?

ದ್ವೇಷ ಬೇಕಾಗಿಯೇ ಇಲ್ಲ ಎಂದು ತೋರಿಸಿಕೊಟ್ಟವರು ಮನೋವಿಜ್ಞಾನಿ ಹೆನ್ರಿ ತಾಜ್ಫೆಲ್. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ 14–15 ವರ್ಷದ ಶಾಲಾ ಹುಡುಗರನ್ನು ಪಾಲ್ ಕ್ಲೀ, ಕ್ಯಾಂಡಿನ್‌ಸ್ಕಿ ಎಂಬ ಇಬ್ಬರು ಕಲಾವಿದರ ಚಿತ್ರಗಳಲ್ಲಿ ಯಾವುದು ಇಷ್ಟವೆಂದು ಕೇಳಿ ಎರಡು ಗುಂಪು ಮಾಡಿದಂತೆ ನಂಬಿಸಿ, ನಿಜದಲ್ಲಿ ಮನಬಂದಂತೆ ಹಂಚಿದರು. ಹುಡುಗರು ತಮ್ಮ ಗುಂಪಿನವರ ಮುಖ ನೋಡಲಿಲ್ಲ, ಹಣ ಹಂಚುವಾಗ ತಮಗೇ ಏನೂ ಸಿಗುವಂತಿರಲಿಲ್ಲ. ಆದರೂ ತಮ್ಮ ಗುಂಪಿಗೆ ಹೆಚ್ಚು ಕೊಟ್ಟರು. ಅದಕ್ಕಿಂತ ಕುತೂಹಲದ ಸಂಗತಿಯೆಂದರೆ, ತಮ್ಮವರಿಗೆ ಒಟ್ಟಾರೆ ಸ್ವಲ್ಪ ಕಡಿಮೆ ಬಂದರೂ ಚಿಂತೆಯಿಲ್ಲ, ಇನ್ನೊಂದು ಗುಂಪಿಗಿಂತ ಹೆಚ್ಚಿರಬೇಕು ಎಂಬ ಒಲವು ಅವರಲ್ಲಿ ಬಲವಾಗಿತ್ತು. 1970ರಲ್ಲಿ ಪ್ರಕಟವಾದ ಈ ಪ್ರಯೋಗದ ನಂತರ, ಗುಂಪುಗಳ ನಡುವಿನ ಜಗಳಕ್ಕೆ ಜಮೀನು, ನೀರು, ಹಣವೇ ಮೂಲ ಎಂದು ಹೇಳಿ ಸುಮ್ಮನಾಗುವುದು ಕಷ್ಟವಾಯಿತು.

ತಾಜ್ಫೆಲ್ ಈ ಪ್ರಶ್ನೆಗೆ ಬಂದದ್ದು ಪುಸ್ತಕಗಳಿಂದಲ್ಲ. ಅವರು ಪೋಲೆಂಡಿನ ಯಹೂದಿ. ಎರಡನೆಯ ಮಹಾಯುದ್ಧದಲ್ಲಿ ಫ್ರೆಂಚ್ ಸೈನಿಕರಾಗಿ ಜರ್ಮನರ ಕೈಗೆ ಸಿಕ್ಕಿಬಿದ್ದರು. ತಾವು ಯಹೂದಿ ಎಂಬುದನ್ನು ಅವರು ಮುಚ್ಚಿಡಲಿಲ್ಲ, ಪೋಲೆಂಡಿನವರೆಂಬುದನ್ನು ಮಾತ್ರ ಹೇಳದೆ ಫ್ರಾನ್ಸಿನವರೆಂದೇ ನಡೆದುಕೊಂಡರು. ಸೆರೆಯ ಕಾವಲುಗಾರನೊಂದಿಗೆ ಎಷ್ಟೇ ಸ್ನೇಹವಿದ್ದರೂ, ತಾವೆಂಥ ವ್ಯಕ್ತಿಯಾಗಿದ್ದರೂ, ಆ ಒಂದು ಉತ್ತರ ಬೇರೆಯಾಗಿದ್ದರೆ ಬದುಕಿ ಬರುತ್ತಿರಲಿಲ್ಲ ಎಂಬುದನ್ನು ಅವರು ಮುಂದೆ ನೆನೆದುಕೊಂಡಿದ್ದಾರೆ. ಯುದ್ಧ ಮುಗಿದು ಹೊರಬಂದಾಗ ಅವರ ಕುಟುಂಬ ಉಳಿದಿರಲಿಲ್ಲ.

ಗುಂಪನ್ನು ಗುಂಪಾಗಿ ಉಳಿಸುವುದು ಅದರ ಸಂಸ್ಕೃತಿಯೇ?

ಸಹಜವೆನಿಸುವ ಉತ್ತರ ‘ಹೌದು’. ಆದರೆ ನಾರ್ವೆಯ ಮಾನವಶಾಸ್ತ್ರಜ್ಞ ಫ್ರೆಡ್ರಿಕ್ ಬಾರ್ತ್ 1969ರಲ್ಲಿ ಇದನ್ನು ತಿರುಗಿಸಿ ಹಾಕಿದರು. ಉಡುಪು, ಊಟ, ಆಚರಣೆ ಬದಲಾದರೂ ಗುಂಪು ಉಳಿಯುತ್ತದೆ, ಎರಡು ಗುಂಪುಗಳ ನಡುವಿನ ಗಡಿ ಉಳಿದಿದ್ದರೆ ಸಾಕು ಎಂಬುದು ಅವರ ಮಾತು. ಬೇಲಿ ಮೊದಲು, ಹೊಲದಲ್ಲಿ ಏನು ಬೆಳೆದಿದೆ ಎಂಬುದು ಆಮೇಲೆ.

ಇದಕ್ಕೆ ಒಪ್ಪುವ ನಿದರ್ಶನ ನಮ್ಮ ಗಡಿಯಲ್ಲೇ ಸಿಗುತ್ತದೆ. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಕುಪವಾಡದಲ್ಲಿ ಜೈನರೂ ಲಿಂಗಾಯತರೂ ಮನೆಯಲ್ಲಿ ಕನ್ನಡ ಆಡುತ್ತಿದ್ದರು, ಮುಸ್ಲಿಮರು ಉರ್ದು, ಬೇರೆಯವರು ಮರಾಠಿ ಮತ್ತು ತೆಲುಗು. ಭಾಷಾವಿಜ್ಞಾನಿ ಜಾನ್ ಗಂಪರ್ಜ್ ಮತ್ತು ಸಹೋದ್ಯೋಗಿ ರಾಬರ್ಟ್ ವಿಲ್ಸನ್ ಅಲ್ಲಿನ ಮಾತನ್ನು ಅಧ್ಯಯನ ಮಾಡಿ 1971ರಲ್ಲಿ ಪ್ರಕಟಿಸಿದಾಗ ಕಂಡದ್ದು ಇದು: ಶತಮಾನಗಳ ಒಡನಾಟದಲ್ಲಿ ಕನ್ನಡ, ಮರಾಠಿ, ಉರ್ದು ಭಾಷೆಗಳ ವಾಕ್ಯರಚನೆ ಎಷ್ಟು ಒಂದಾಗಿತ್ತೆಂದರೆ, ಒಂದರ ವಾಕ್ಯದಲ್ಲಿ ಪದಗಳನ್ನು ಒಂದೊಂದಾಗಿ ಬದಲಿಸುತ್ತ ಹೋದರೆ ಇನ್ನೊಂದರ ವಾಕ್ಯವೇ ಸಿಗುತ್ತಿತ್ತು. ಹೀಗೆ ವ್ಯಾಕರಣ ಬೆರೆತರೂ ಪದಗಳು ಬೆರೆಯಲಿಲ್ಲ. ಮನೆಯೊಳಗೆ ಆಡುವ ಮಾತಿನ ಪದಗಳೇ ‘ನಾವು ಇಂಥವರು’ ಎಂದು ಹೇಳುತ್ತಿದ್ದುದರಿಂದ ಅವನ್ನು ಬಿಟ್ಟುಕೊಡಲು ಯಾರೂ ಸಿದ್ಧರಿರಲಿಲ್ಲ. ಒಳಗೆ ಎಲ್ಲ ಒಂದಾಗಿ ಹೊರಗೆ ಗಡಿ ಮಾತ್ರ ಉಳಿದದ್ದಕ್ಕೆ ಇದಕ್ಕಿಂತ ಚೊಕ್ಕ ಉದಾಹರಣೆ ನನಗೆ ತಿಳಿದಿಲ್ಲ.

ಉತ್ತರ ಕನ್ನಡದ ಸಿದ್ದಿಗಳದು ಇನ್ನೊಂದು ಬಗೆ. ಅವರ ಪೂರ್ವಿಕರು ಆಫ್ರಿಕಾದಿಂದ, ಬಹುಮಟ್ಟಿಗೆ ಪೋರ್ಚುಗೀಸರ ಗುಲಾಮರಾಗಿ ಬಂದವರು. ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಹೊರಗಿನವರ ಕಣ್ಣಿಗೆ ಮೊದಲು ಬೀಳುವುದು ಮೈಬಣ್ಣ ಮತ್ತು ಕೂದಲು; ಹೊರಗಿನವರು ಎಳೆದ ಆ ಗೆರೆಯ ಒಳಗೆ ಅವರು ಮತಗಳನ್ನು ದಾಟಿ ‘ಸಿದ್ದಿ’ ಎಂಬ ಹೆಸರಿನಲ್ಲಿ ಸಂಘಟಿತರಾದರು. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಸ್ಥಾನ ದೊರೆಯಿತು.

ಜಾತಿಗಳು ಅನಾದಿಯಿಂದ ಇದ್ದಂತೆಯೇ ಇವೆಯಲ್ಲವೇ?

ಜಾತಿ ವ್ಯವಸ್ಥೆ ಹಳೆಯದು, ಅದರಲ್ಲಿ ಅನುಮಾನವಿಲ್ಲ. ಆದರೆ ಇಂದು ನಾವು ಒಂದೊಂದು ಜಾತಿ ಎಂದು ಎಣಿಸುವ ದೊಡ್ಡ ಗುಂಪುಗಳಲ್ಲಿ ಅನೇಕವು ಈಗಿನ ಅಳತೆಗೆ ಬಂದು ನೂರಿಪ್ಪತ್ತು ವರ್ಷವಷ್ಟೇ ಆಗಿದೆ. ‘ಒಕ್ಕಲಿಗ’ ಎಂದರೆ ಒಕ್ಕಲುತನ ಮಾಡುವವನು. ಗಂಗಡಿಕಾರ, ಮೊರಸು, ಕುಂಚಿಟಿಗ ಮೊದಲಾದ ಗುಂಪುಗಳು ಹೆಣ್ಣು ಕೊಟ್ಟು ತರುವುದನ್ನು ತಮ್ಮತಮ್ಮೊಳಗೇ ಇಟ್ಟುಕೊಂಡಿದ್ದವು. ಅವೆಲ್ಲವೂ ಒಂದು ಹೆಸರಿನಡಿ ಸೇರಿದ್ದಕ್ಕೆ ಮೂರು ಒತ್ತಾಸೆಗಳಿದ್ದವು.

ಮೊದಲನೆಯದು ಜನಗಣತಿ. ದೇಶದಾದ್ಯಂತ ಒಂದೇ ಕಾಲಕ್ಕೆ ಎಣಿಕೆ ನಡೆದದ್ದು 1881ರಲ್ಲಿ. 1901ರ ಗಣತಿಯಲ್ಲಿ ರಿಸ್ಲೆ ಎಂಬ ಅಧಿಕಾರಿ ಜಾತಿಗಳನ್ನು ಸಾಮಾಜಿಕ ಮೇಲುಕೀಳಿನ ಕ್ರಮದಲ್ಲಿ ಜೋಡಿಸಲು ಹೊರಟಾಗ, ತಮ್ಮನ್ನು ಒಂದು ಮೆಟ್ಟಿಲು ಮೇಲೆ ಬರೆಯಿರಿ ಎಂಬ ಅರ್ಜಿಗಳ ಮಳೆಯೇ ಸುರಿಯಿತು. ಊರಿನ ಜಗುಲಿಯ ಮೇಲೆ, ದೇವಸ್ಥಾನದ ಅಂಗಳದಲ್ಲಿ ನಡೆಯುತ್ತಿದ್ದ ಮೇಲಾಟ ಸರ್ಕಾರದ ಕಾಗದಕ್ಕೆ ಬಂದದ್ದು ಹೀಗೆ.

ಎರಡನೆಯದು ಸಂಘಗಳು. ವೀರಶೈವ ಮಹಾಸಭೆ 1904ರಲ್ಲಿ, ಒಕ್ಕಲಿಗರ ಸಂಘ 1906ರಲ್ಲಿ ಹುಟ್ಟಿದವು. ಹಳ್ಳಿಯ ಹುಡುಗ ಪೇಟೆಗೆ ಓದಲು ಬಂದು ಸಮುದಾಯದ ವಿದ್ಯಾರ್ಥಿನಿಲಯದಲ್ಲಿ ಉಳಿದಾಗ, ಬೇರೆ ಜಿಲ್ಲೆಯ, ಬೇರೆ ಒಳಪಂಗಡದ ಹುಡುಗನೊಡನೆ ಒಂದೇ ಪಂಕ್ತಿಯಲ್ಲಿ ಉಂಡು ‘ನಾವು ಒಂದೇ’ ಎಂಬುದನ್ನು ಕಲಿತ. ಭಾಷಣಗಳಿಗಿಂತ ಆ ಊಟದ ಮನೆಗಳು ಹೆಚ್ಚು ಕೆಲಸ ಮಾಡಿದವು ಎಂಬುದು ನನ್ನ ಎಣಿಕೆ.

ಮೂರನೆಯದು ಸರ್ಕಾರದ ವರ್ಗೀಕರಣ. ಮೈಸೂರು ಸಂಸ್ಥಾನವು 1918ರಲ್ಲಿ ಸರ್ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿತು. ಸರ್ಕಾರಿ ಹುದ್ದೆಗಳಲ್ಲಿ ತಕ್ಕಷ್ಟು ಪಾಲು ಸಿಗದ, ಅಂದರೆ ಬ್ರಾಹ್ಮಣರನ್ನು ಬಿಟ್ಟು ಉಳಿದ ಹೆಚ್ಚುಕಡಿಮೆ ಎಲ್ಲರೂ, ‘ಹಿಂದುಳಿದ’ವರಾದರು. ನಿನ್ನೆಯವರೆಗೆ ಪರಸ್ಪರ ನೀರು ಮುಟ್ಟದವರು ಒಂದೇ ಶೀರ್ಷಿಕೆಯಡಿ ಬಂದರು. 1972ರಲ್ಲಿ ದೇವರಾಜ ಅರಸು ಸರ್ಕಾರ ನೇಮಿಸಿ 1975ರಲ್ಲಿ ವರದಿ ಕೊಟ್ಟ ಹಾವನೂರು ಆಯೋಗವು ಆ ಶೀರ್ಷಿಕೆಯನ್ನು ಮತ್ತೆ ಬಿಡಿಸಿ ಹೊಸದಾಗಿ ಹೆಣೆಯಿತು. ಈ ಪಟ್ಟಿಗಳನ್ನು ‘ಇರುವುದನ್ನು ಇದ್ದಂತೆ ಬರೆದುಕೊಂಡದ್ದು’ ಎಂದು ತಿಳಿಯುವುದು ತಪ್ಪು, ‘ಸರ್ಕಾರ ಸೃಷ್ಟಿಸಿದ್ದು’ ಎಂದು ತಳ್ಳಿಹಾಕುವುದೂ ಅಷ್ಟೇ ತಪ್ಪು. ಹೆಸರು ಕಾಗದದ್ದಾದರೂ ಆ ಹೆಸರಿನಲ್ಲಿ ಬೇಡಿಕೆಯಿಟ್ಟವರು, ಸೀಟು ಪಡೆದವರು, ಮತ ಹಾಕಿದವರು ಜೀವಂತ ಜನ.

ಸರ್ಕಾರ ಕೊಟ್ಟ ಹೆಸರಿನಿಂದ ತೊಡಕಾದ ಉದಾಹರಣೆ ಇದೆಯೇ?

‘ಆದಿ ಕರ್ನಾಟಕ’ ಎಂಬ ಹೆಸರೇ ಇದೆ. 1920ರ ದಶಕದಲ್ಲಿ ಮೈಸೂರು ಸಂಸ್ಥಾನದಲ್ಲಿ, ಅಸ್ಪೃಶ್ಯರೆನಿಸಿಕೊಂಡವರ ಅವಮಾನಕರ ಹೆಸರುಗಳ ಬದಲಿಗೆ ಆದಿ ಕರ್ನಾಟಕ, ಆದಿ ದ್ರಾವಿಡ ಎಂಬ ಗೌರವದ ಹೆಸರುಗಳು ಬಳಕೆಗೆ ಬಂದವು. ನೆಲದ ಮೊದಲ ಒಡೆಯರು ನೀವು ಎಂಬ ಭಾವ ಅದರಲ್ಲಿತ್ತು. ಆದರೆ ಕೆಲವು ಕಡೆ ಹೊಲೆಯರು, ಕೆಲವು ಕಡೆ ಮಾದಿಗರು ಇದೇ ಹೆಸರನ್ನು ಬರೆಸಿಕೊಂಡರು. ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ 101 ಹೆಸರುಗಳಿರುವ ಕರ್ನಾಟಕದಲ್ಲಿ ಒಳಮೀಸಲಾತಿಯ ಪ್ರಶ್ನೆ ಬಂದಾಗ, ಬಲಗೈಯವರು ಅಂದರೆ ಹೊಲೆಯರೆಷ್ಟು, ಎಡಗೈಯವರು ಅಂದರೆ ಮಾದಿಗರೆಷ್ಟು ಎಂಬ ಲೆಕ್ಕ ಈ ಹೆಸರಿನಲ್ಲಿ ಸಿಕ್ಕಿಹಾಕಿಕೊಂಡಿತು. ನ್ಯಾಯಮೂರ್ತಿ ನಾಗಮೋಹನ ದಾಸ್ ಆಯೋಗ 2025ರಲ್ಲಿ ಮನೆಮನೆ ಸಮೀಕ್ಷೆ ನಡೆಸಿದ್ದಕ್ಕೆ ಈ ಗೋಜಲೂ ಒಂದು ಮುಖ್ಯ ಕಾರಣ. ಅವಮಾನವನ್ನು ಮರೆಸಲೆಂದು ಹೊದಿಸಿದ ಹೆಸರನ್ನು ಮೂರು ತಲೆಮಾರು ಹೊದ್ದ ಮೇಲೆ, ಅದರಡಿಯಲ್ಲಿ ನೀವು ಯಾರು ಎಂದು ಮತ್ತೆ ಕೇಳಬೇಕಾಯಿತು. ಕೇಳಿದಾಗ ‘ಆದಿ ಕರ್ನಾಟಕ’ ಎಂದೇ ಹೇಳಿ ಅಲ್ಲಿಗೇ ನಿಲ್ಲಿಸಿದವರೂ ಇದ್ದರು. ಅವರ ಮಟ್ಟಿಗೆ ಅದು ಈಗ ನಿಜವಾದ ಹೆಸರೇ.

ಒಂದು ಗುಂಪು ತನ್ನ ಗುರುತನ್ನು ತಾನೇ ಬದಲಿಸಿಕೊಳ್ಳಬಹುದೇ?

ಬದಲಿಸಿಕೊಳ್ಳಬಹುದು, ಆದರೆ ಉಳಿದವರು ಒಪ್ಪಬೇಕು. ಮೈಸೂರಿನಲ್ಲಿ ಹುಟ್ಟಿದ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ ಕೊಡಗಿನ ಬಗ್ಗೆ 1952ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದರ ಒಂದು ದಾರಿಯನ್ನು ವಿವರಿಸಿ ‘ಸಂಸ್ಕೃತೀಕರಣ’ ಎಂದು ಕರೆದರು. ಕೆಳಗಿನ ಜಾತಿಯೊಂದು ಮಾಂಸ, ಮದ್ಯ ಬಿಟ್ಟು ಮೇಲಿನವರ ಆಚರಣೆಗಳನ್ನು ಹಿಡಿದು ಒಂದೆರಡು ತಲೆಮಾರಿನಲ್ಲಿ ಮೇಲಿನ ಸ್ಥಾನಕ್ಕೆ ಹಕ್ಕು ಮಂಡಿಸುತ್ತದೆ. ಇದರಲ್ಲಿ ಜಾತಿ ಮೆಟ್ಟಿಲು ಬದಲಿಸುತ್ತದೆ, ಏಣಿ ಮಾತ್ರ ಅಲ್ಲೇ ಇರುತ್ತದೆ.

ಅಂಬೇಡ್ಕರ್ ಏಣಿಯನ್ನೇ ಪ್ರಶ್ನಿಸಿದರು. ಒಬ್ಬೊಬ್ಬರ ಕೆಳಗೂ ಇನ್ನೊಬ್ಬರಿರುವ ಶ್ರೇಣೀಕೃತ ಅಸಮಾನತೆಯಲ್ಲಿ ಎಲ್ಲರೂ ಮೇಲೆ ನೋಡಿ ನೊಂದರೂ ಕೆಳಗೆ ನೋಡಿ ಸಮಾಧಾನಪಡುತ್ತಾರೆ, ಆದ್ದರಿಂದ ಒಟ್ಟಾಗಿ ಎದ್ದೇಳುವುದಿಲ್ಲ ಎಂಬ ಅವರ ವಿಶ್ಲೇಷಣೆಯನ್ನು ಮೀರಿಸುವಂಥದ್ದು ಗುಂಪಿನ ಗುರುತಿನ ಸಮಾಜಶಾಸ್ತ್ರದಲ್ಲಿ ವಿರಳ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಅವರು ಬೌದ್ಧರಾದದ್ದು ಏಣಿಯಿಂದ ಇಳಿಯುವ ದಾರಿ. 1970ರ ದಶಕದಲ್ಲಿ ಕರ್ನಾಟಕದಲ್ಲಿ ದಲಿತ ಸಂಘರ್ಷ ಸಮಿತಿ ಬೆಳೆದಾಗ ‘ದಲಿತ’ ಎಂಬ ಹೆಸರು ಕೆಲಸ ಮಾಡಿದ ಬಗೆ ಇನ್ನೂ ಬೇರೆ: ತುಳಿಯಲ್ಪಟ್ಟವರು ಎಂಬ ಅರ್ಥವನ್ನು ಮುಚ್ಚಿಡದೆ, ತುಳಿದವರು ಯಾರು ಎಂಬ ಮರುಪ್ರಶ್ನೆಯನ್ನು ಅದು ಹೆಸರಿನೊಳಗೇ ಇಟ್ಟಿತು.

ಲಿಂಗಾಯತ ಪ್ರತ್ಯೇಕ ಧರ್ಮವೇ ಎಂಬ ಪ್ರಶ್ನೆಯನ್ನೂ ಇಲ್ಲಿ ಕೇಳುವವರಿದ್ದಾರೆ. ರಾಜ್ಯ ಸರ್ಕಾರ 2018ರಲ್ಲಿ ಹಾಗೆಂದು ಶಿಫಾರಸು ಮಾಡಿತು, ಕೇಂದ್ರ ಅದನ್ನು ಒಪ್ಪಲಿಲ್ಲ. ಹೌದು ಅಥವಾ ಅಲ್ಲ ಎನ್ನುವುದು ಸಮಾಜಶಾಸ್ತ್ರದ ಕೆಲಸವಲ್ಲ. ಒಪ್ಪಿಗೆ ಕೊಡುವ ಅಧಿಕಾರ ಯಾರ ಕೈಯಲ್ಲಿದೆ, ಆ ಒಪ್ಪಿಗೆಯಿಂದ ಯಾವ ಬಾಗಿಲು ತೆರೆಯುತ್ತದೆ ಎಂಬುದನ್ನು ಅದು ನೋಡುತ್ತದೆ.

ಒಬ್ಬರಿಗೆ ಒಂದಕ್ಕಿಂತ ಹೆಚ್ಚು ಗುರುತುಗಳಿದ್ದರೆ ಯಾವುದು ನಿಜ?

ಕೇಳುವವರು ಎಷ್ಟು ದೂರದವರು ಎಂಬುದರ ಮೇಲೆ ಉತ್ತರ ಬದಲಾಗುತ್ತದೆ, ಪ್ರತಿಯೊಂದೂ ನಿಜವೇ ಆಗಿರುತ್ತದೆ. ಬಂಟ ಹೆಣ್ಣುಮಗಳೊಬ್ಬಳು ತನ್ನ ಊರಿನಲ್ಲಿ ಇಂಥ ಗುತ್ತಿನ ಮನೆಯವಳು, ಸಂಬಂಧ ಕೇಳಿಕೊಂಡು ಬಂದವರಿಗೆ ಇಂಥ ಬರಿಯವಳು, ಬೆಂಗಳೂರಿನಲ್ಲಿ ‘ಮಂಗಳೂರಿನವರು’, ಮುಂಬೈಯಲ್ಲಿ ಕೆಲವರಿಗೆ ಶೆಟ್ಟಿ, ಕೆಲವರಿಗೆ ಬರಿಯ ‘ಸೌತ್ ಇಂಡಿಯನ್’, ಸಾಗರದಾಚೆ ಭಾರತೀಯಳು. ವ್ಯಕ್ತಿ ಎಂದರೆ ಅನೇಕ ವೃತ್ತಗಳು ಒಂದನ್ನೊಂದು ಕತ್ತರಿಸುವ ಬಿಂದು, ಹಾಗೆ ಕತ್ತರಿಸುವ ವೃತ್ತಗಳು ಹೆಚ್ಚಿದಷ್ಟೂ ಆತ ಬೇರೆ ಯಾರಂತೆಯೂ ಇಲ್ಲದವನಾಗುತ್ತಾನೆ ಎಂದು ಜರ್ಮನಿಯ ಗಿಯೋರ್ಗ್ ಸಿಮ್ಮೆಲ್ ಶತಮಾನಕ್ಕೂ ಹಿಂದೆ ಬರೆದರು. ವ್ಯಕ್ತಿಯ ಅನನ್ಯತೆ ಗುಂಪುಗಳಿಗೆ ವಿರುದ್ಧವಾದದ್ದಲ್ಲ, ಗುಂಪುಗಳಿಂದಲೇ ಆದದ್ದು ಎಂಬುದು ಇದರ ಅರ್ಥ.

ಆದರೆ ಎಲ್ಲ ಗುರುತುಗಳನ್ನೂ ಅಂಗಿಯಂತೆ ಬದಲಿಸಬಹುದೆಂದು ತಿಳಿಯಬಾರದು. ಮೇಲಿನ ಹೆಣ್ಣುಮಗಳು ಯಾವ ಊರಿಗೆ ಹೋದರೂ ಹೆಣ್ಣಾಗಿಯೇ ಕಾಣುತ್ತಾಳೆ. ಎರಡು ಗುರುತುಗಳು ಕೂಡಿದಾಗ ಆಗುವ ಹೊಡೆತ, ಒಂದೊಂದನ್ನೇ ಬೇರೆಬೇರೆಯಾಗಿ ನೋಡುವವರ ಕಣ್ಣಿಗೆ ಬೀಳುವುದಿಲ್ಲ ಎಂಬುದನ್ನು ಕಾನೂನು ವಿದ್ವಾಂಸೆ ಕಿಂಬರ್ಲೆ ಕ್ರೆನ್‌ಷಾ 1989ರಲ್ಲಿ ಅಮೆರಿಕದ ಕಪ್ಪು ಮಹಿಳೆಯರ ಮೊಕದ್ದಮೆಗಳ ಆಧಾರದಿಂದ ತೋರಿಸಿದರು.

ಜನ ತಮ್ಮ ಗುರುತನ್ನು ಮುಚ್ಚಿಡುವುದು ಹೇಗೆ, ಉಳಿದವರು ಕಂಡುಹಿಡಿಯುವುದು ಹೇಗೆ?

ಬೆಂಗಳೂರಿನಲ್ಲಿ ಬಾಡಿಗೆಮನೆ ಹುಡುಕಿದವರಿಗೆ ಇದರ ಪಾಠ ಬೇಕಿಲ್ಲ. ‘ನೀವು ಯಾವ ಪೈಕಿ?’ ಎಂದು ನೇರವಾಗಿ ಕೇಳಲು ಸಂಕೋಚಪಡುವ ಮನೆ ಮಾಲೀಕರು ‘ವೆಜ್ಜಾ, ನಾನ್‌ವೆಜ್ಜಾ?’ ಎಂದು ಕೇಳುತ್ತಾರೆ. ಪೂರ್ತಿ ಹೆಸರು, ತಂದೆಯ ಹೆಸರು, ಊರಿನ ಹೆಸರು, ಊರಿನಲ್ಲಿ ಮನೆ ಯಾವ ಬೀದಿಯಲ್ಲಿದೆ ಎಂಬುದು, ಇವೆಲ್ಲವೂ ಅದೇ ಪ್ರಶ್ನೆಯ ಬೇರೆ ಬೇರೆ ವೇಷಗಳು. ಮಾತೂ ಬಿಟ್ಟುಕೊಡುತ್ತದೆ: ಧಾರವಾಡದ ಕಡೆ ‘ಅದ’ ಎನ್ನುವವರೂ ‘ಐತಿ’ ಎನ್ನುವವರೂ ಒಬ್ಬರನ್ನೊಬ್ಬರು ಬಾಯಿಬಿಟ್ಟ ಕೂಡಲೇ ಅಳೆಯುತ್ತಾರೆ. ಕಳಂಕ ಹೊರಿಸಲ್ಪಟ್ಟವರ ಬಗ್ಗೆ 1963ರಲ್ಲಿ ಬರೆದ ಸಮಾಜಶಾಸ್ತ್ರಜ್ಞ ಎರ್ವಿಂಗ್ ಗಾಫ್‌ಮನ್, ಕಳಂಕ ಕಣ್ಣಿಗೆ ಕಾಣುವವರ ಕಷ್ಟ ಒಂದಾದರೆ, ಕಾಣದವರ ಕಷ್ಟ ಇನ್ನೊಂದು ಎಂದರು. ಎರಡನೆಯವರು ಯಾರಿಗೆ ಹೇಳಬೇಕು, ಯಾವಾಗ, ಎಷ್ಟು ಎಂಬುದನ್ನು ಹಗಲಿರುಳು ತೂಗಿ ನೋಡುತ್ತಿರಬೇಕು. ಸಹೋದ್ಯೋಗಿಗಳು ಮೀಸಲಾತಿಯ ಬಗ್ಗೆ ಕುಚೋದ್ಯ ಮಾಡುವಾಗ ನಕ್ಕಂತೆ ಮಾಡಿ ಚಹಾ ಮುಗಿಸಿ ಎದ್ದುಹೋಗುವವರ ದಣಿವು ಇದೇ.

ತಮ್ಮ ಹೆಸರನ್ನು ಸಲೀಸಾಗಿ ಪೂರ್ತಿಯಾಗಿ ಹೇಳಿಕೊಳ್ಳಬಲ್ಲವರು ‘ಈಗೆಲ್ಲಾ ಜಾತಿ ಯಾರು ಕೇಳ್ತಾರೆ?’ ಎನ್ನುವುದುಂಟು. ಅವರನ್ನು ಯಾರೂ ಕೇಳುವುದಿಲ್ಲ ಎಂಬುದು ನಿಜವೇ. ಅವರ ಹೆಸರೇ ಉತ್ತರವನ್ನು ಹೇಳಿ ಮುಗಿಸಿರುತ್ತದೆ.

ಮದುವೆಯಿಂದ ಜಾತಿ ಬದಲಾಗುತ್ತದೆಯೇ? ಪರದೇಶಕ್ಕೆ ಹೋದರೆ?

ಮೀಸಲಾತಿಯ ಮಟ್ಟಿಗೆ ಮದುವೆಯಿಂದ ಬದಲಾಗುವುದಿಲ್ಲ. ಮುಂದುವರಿದ ಸಮುದಾಯದಲ್ಲಿ ಹುಟ್ಟಿ ಹಿಂದುಳಿದ ಸಮುದಾಯದವರನ್ನು ಮದುವೆಯಾದವರು ಆ ಸೌಲಭ್ಯ ಕೇಳುವಂತಿಲ್ಲ ಎಂದು ಕೇರಳದ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯ 1996ರಲ್ಲಿ ಹೇಳಿತು. ಬಾಲ್ಯದ ಕೊರತೆಗಳನ್ನು ಅನುಭವಿಸದವರು ಅವುಗಳ ಪರಿಹಾರಕ್ಕೆ ಹಕ್ಕುದಾರರಲ್ಲ ಎಂಬುದು ಕಾರಣ. ಪರದೇಶಕ್ಕೆ ಹೋದರೂ ಜಾತಿ ತಾನಾಗಿ ಕಳಚಿಬೀಳುವುದಿಲ್ಲ. ಅಮೆರಿಕದ ಸಿಯಾಟಲ್ ನಗರ 2023ರಲ್ಲಿ ಜಾತಿ ತಾರತಮ್ಯವನ್ನು ಹೆಸರಿಸಿಯೇ ನಿಷೇಧಿಸಬೇಕಾಯಿತು.

ಗುಂಪಿನ ಗುರುತು ಎಂದರೆ ಬರೀ ಜಗಳವೇ? ಒಳ್ಳೆಯದೇನೂ ಇಲ್ಲವೇ?

ಇದೆ. ಕೊಡಗಿನಲ್ಲಿ 1997ರಲ್ಲಿ ಪಾಂಡಂಡ ಕುಟ್ಟಪ್ಪ ಅವರು ಕರಡದಲ್ಲಿ ಕೊಡವ ಒಕ್ಕಗಳ ನಡುವೆ ಹಾಕಿ ಪಂದ್ಯಾವಳಿ ಆರಂಭಿಸಿದರು. ಮೊದಲ ವರ್ಷ 60 ತಂಡಗಳು ಬಂದವು, ಈಚಿನ ವರ್ಷಗಳಲ್ಲಿ 300ಕ್ಕೂ ಹೆಚ್ಚು. ವರ್ಷಕ್ಕೊಂದು ಒಕ್ಕ ತನ್ನ ಹೆಸರಿನಲ್ಲಿ ಅದನ್ನು ನಡೆಸಿಕೊಡುತ್ತದೆ. ಬೆಂಗಳೂರಿಗೆ, ದುಬೈಗೆ, ಸೈನ್ಯಕ್ಕೆ ಚದುರಿಹೋದವರು ಆಡಲೆಂದು ಊರಿಗೆ ಬಂದು, ಒಕ್ಕದ ಮೂಲಮನೆಯಾದ ಐನ್‌ಮನೆಯ ಬಾಗಿಲು ತೆರೆಸಿ, ಹೆಸರಷ್ಟೇ ಕೇಳಿದ್ದ ದಾಯಾದಿಗಳ ಮುಖ ನೋಡುತ್ತಾರೆ. ಇಲ್ಲಿಯೂ ‘ನಾವು, ಅವರು’ ಇದೆ. ಆದರೆ ಇಂದು ಸೋತ ಒಕ್ಕ ಮುಂದಿನ ವರ್ಷ ಮತ್ತೆ ಸಮಾನವಾಗಿ ಆಡುತ್ತದೆ, ಸೋತದ್ದಕ್ಕೆ ಯಾರೂ ಕೆಳಗಿನವರಾಗುವುದಿಲ್ಲ. ಗುಂಪಿಗೂ ಏಣಿಗೂ ಇರುವ ವ್ಯತ್ಯಾಸ ಇದರಿಂದ ಸ್ಪಷ್ಟವಾಗುತ್ತದೆ.

ಕನ್ನಡಿಗ ಎಂದರೆ ಯಾರು?

2011ರ ಜನಗಣತಿಯ ಪ್ರಕಾರ ಕನ್ನಡ ಮಾತೃಭಾಷೆಯವರು ಸುಮಾರು 4.37 ಕೋಟಿ. ಆ ಮೊತ್ತದೊಳಗೆ ನೀಲಗಿರಿಯ ಬಡಗರನ್ನೂ ಸೇರಿಸಿ ಎಣಿಸಲಾಗಿದೆ. ತಮ್ಮದು ಬೇರೆ ಭಾಷೆ ಎನ್ನುವ ಬಡಗರಿಗೆ ಇದು ಒಪ್ಪಿಗೆಯಲ್ಲ. ತುಳು ಮಾತೃಭಾಷೆಯೆಂದು ಬರೆಸಿದ 18 ಲಕ್ಷಕ್ಕೂ ಹೆಚ್ಚು ಜನ ಆ ಲೆಕ್ಕದ ಹೊರಗಿದ್ದಾರೆ, ಆದರೆ ಅವರಲ್ಲಿ ಬಹುಪಾಲು ಜನ ಕನ್ನಡ ಶಾಲೆಯಲ್ಲಿ ಓದಿದವರು, ಕನ್ನಡ ಪತ್ರಿಕೆ ಓದುವವರು. ಮನೆಯಲ್ಲಿ ಉರ್ದು, ತೆಲುಗು, ತಮಿಳು, ಕೊಂಕಣಿ, ಲಂಬಾಣಿ ಆಡಿ ಬೀದಿಯಲ್ಲಿ ಕನ್ನಡ ಆಡುವವರನ್ನು ಎಲ್ಲಿ ಹಾಕುವುದು? 2024ರ ಜುಲೈನಲ್ಲಿ ರಾಜ್ಯ ಸಂಪುಟ ಒಪ್ಪಿ, ಬೆನ್ನಿಗೇ ತಡೆಹಿಡಿದ ಸ್ಥಳೀಯರ ಉದ್ಯೋಗ ಮಸೂದೆಯು ಹುಟ್ಟು, 15 ವರ್ಷದ ವಾಸ, ಕನ್ನಡ ಮಾತು, ಓದು, ಬರಹ ಎಂದು ಮಾನದಂಡಗಳನ್ನು ಪೋಣಿಸಿತ್ತು. ಅವುಗಳಲ್ಲಿ ಹುಟ್ಟು ಮಾತ್ರ ಯಾರ ಕೈಯಲ್ಲೂ ಇಲ್ಲದ್ದು, ಉಳಿದವನ್ನು ಗಳಿಸಿಕೊಳ್ಳಬಹುದು. ಗಳಿಸಿಕೊಳ್ಳಬಹುದಾದ ಗುರುತಿಗೂ ಗಳಿಸಲಾಗದ ಗುರುತಿಗೂ ನಡುವೆ ಇರುವ ಎಳೆದಾಟವೇ ಭಾಷಾ ರಾಜಕಾರಣದ ಬಹುಪಾಲು ವಾದಗಳ ಒಳಗಿರುವುದು.

ನಾನು ಯಾರೆಂದು ನಾನೇ ಹೇಳಿದರೆ ಸಾಲದೇ?

ಲಿಂಗತ್ವದ ವಿಷಯದಲ್ಲಿ ಸರ್ವೋಚ್ಚ ನ್ಯಾಯಾಲಯ 2014ರಲ್ಲಿ, ಅದನ್ನು ನಿರ್ಧರಿಸಿಕೊಳ್ಳುವ ಹಕ್ಕು ವ್ಯಕ್ತಿಯದೇ ಎಂದಿತು. 2019ರ ಕಾನೂನು ಮಾತ್ರ ಜಿಲ್ಲಾಧಿಕಾರಿಯ ಪ್ರಮಾಣಪತ್ರವನ್ನು ನಡುವೆ ತಂದಿತು. ಕರ್ನಾಟಕ 2021ರಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಸರ್ಕಾರಿ ನೇಮಕಾತಿಯಲ್ಲಿ ಶೇಕಡಾ 1ರ ಮೀಸಲಾತಿ ತಂದಾಗ ಪ್ರಮಾಣಪತ್ರದ ತೂಕ ಇನ್ನೂ ಹೆಚ್ಚಿತು. ಹೇಳಿಕೊಳ್ಳುವುದು ಸ್ವಾತಂತ್ರ್ಯ, ಆದರೆ ಆ ಹೇಳಿಕೆಯ ಮೇಲೆ ಇನ್ನೊಬ್ಬರು ಏನಾದರೂ ಕೊಡಬೇಕಾದ ಗಳಿಗೆಯಿಂದ ಪುರಾವೆ ಕೇಳುವುದು ಶುರುವಾಗುತ್ತದೆ. ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳುವ ಜೋಗತಿಯರಿಗೆ ಇದು ಹೊಸತೇನಲ್ಲ. ಯಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡವರನ್ನು ಊರು ಕಚೇರಿಯ ಮುದ್ರೆಯಿಲ್ಲದೆಯೇ ಗುರುತಿಸುತ್ತಿತ್ತು, ಆದರೆ ಜೋಗತಿಯೆಂದು ಗುರುತಿಸಿ ಅಲ್ಲಿಗೇ ನಿಲ್ಲಿಸುತ್ತಿತ್ತು. ಮಂಜಮ್ಮ ಜೋಗತಿ ಅವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದದ್ದು ಆ ಗೆರೆಯನ್ನು ದಾಟಿದ ಒಂದು ಘಟನೆ.

ಸಮೀಕ್ಷೆಯವರು ಬಂದಾಗ ‘ಜಾತಿ ಇಲ್ಲ’ ಎಂದು ಬರೆಸಬಹುದೇ?

ಬರೆಸಬಹುದು. ನೆರೆಯ ತಮಿಳುನಾಡಿನಲ್ಲಿ ವಕೀಲೆಯೊಬ್ಬರು ವರ್ಷಗಳ ಕಾಲ ಓಡಾಡಿ 2019ರಲ್ಲಿ ಜಾತಿಯೂ ಮತವೂ ಇಲ್ಲವೆಂಬ ಪ್ರಮಾಣಪತ್ರವನ್ನೇ ಪಡೆದರು. ಏನೂ ಅಲ್ಲ ಎಂಬುದಕ್ಕೂ ತಹಸೀಲ್ದಾರರ ಸಹಿ ಬೇಕಾಯಿತೆಂಬುದನ್ನು ಗಮನಿಸಬೇಕು. ಕರ್ನಾಟಕದಲ್ಲಿ 2025ರಲ್ಲಿ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆ ನಡೆದಾಗ ಮಠಗಳೂ ಸಂಘಗಳೂ ಸಭೆ ಸೇರಿಸಿ, ಧರ್ಮದ ಕಾಲಮ್ಮಿನಲ್ಲಿ ಇದನ್ನೇ ಬರೆಸಿ, ಜಾತಿಯ ಕಾಲಮ್ಮಿನಲ್ಲಿ ಇದನ್ನೇ ಬರೆಸಿ ಎಂದು ಕರೆಕೊಟ್ಟವು; ಜಾತಿಯ ಹೆಸರಿಗೆ ‘ಕ್ರೈಸ್ತ’ ಎಂದು ಸೇರಿಸಿದ ಹೆಸರುಗಳು ಪಟ್ಟಿಯಲ್ಲಿ ಕಂಡು ವಿವಾದವೆದ್ದಿತು. ಇಷ್ಟು ಜನ ಕಾಲಮ್ಮು ತುಂಬಿಸಲು ತವಕಿಸುವಾಗ ಅದನ್ನು ಖಾಲಿ ಬಿಡುವವರ ನಿಲುವಿಗೆ ಬೆಲೆಯಿದೆ.

ಆದರೆ ಖಾಲಿ ಬಿಡುವುದರ ಫಲ ಎಲ್ಲರಿಗೂ ಒಂದೇ ಅಲ್ಲ. ಓದು, ಆಸ್ತಿ, ಪರಿಚಯಗಳು ಮನೆಯಲ್ಲಿ ಮೊದಲೇ ಇರುವವರು ಖಾಲಿ ಬಿಟ್ಟರೆ ಅವರು ಕಳೆದುಕೊಳ್ಳುವುದು ಏನೂ ಇಲ್ಲ, ಮತ್ತು ಅವರ ಅನುಕೂಲ ಎಷ್ಟಿದೆ ಎಂಬುದು ಲೆಕ್ಕಕ್ಕೆ ಸಿಗದೆ ಹೋಗುತ್ತದೆ. ಊರಿನ ಹೊರಗೆ ಕೇರಿಯಲ್ಲಿರುವವರು ಖಾಲಿ ಬಿಟ್ಟರೆ ಅವರು ಎಣಿಕೆಯಿಂದ ಬಿಟ್ಟುಹೋಗುತ್ತಾರೆ, ಕೇರಿ ಮಾತ್ರ ಇದ್ದಲ್ಲೇ ಇರುತ್ತದೆ. ಸಮೀಕ್ಷೆಯವರಿಗೆ ಕೊಡುವ ಉತ್ತರವನ್ನು ನಾವು ಆರಿಸಿಕೊಳ್ಳಬಹುದು. ನಾಳೆ ಬಸ್ಸಿನಲ್ಲಿ ಪಕ್ಕದವರು ಕೇಳುವ ಪ್ರಶ್ನೆಯನ್ನು ಆರಿಸಿಕೊಳ್ಳುವವರು ಅವರೇ.